ನನ್ನ ದನಿಯಲ್ಲಿದ್ದ ಉತ್ತರ

ಬಾಳೆಹೂವು ಬಿಡಿಸುತ್ತಾ ಕೂತಿದ್ದೆ. ಕೈಗೆ ಎಣ್ಣೆ ಹಚ್ಚಿಕೊಂಡಿದ್ದರೂ ಸೊನೆ ಅಂಟಿ ಬೆರಳೆಲ್ಲ ಕಪ್ಪಾಗಿತ್ತು. ಒಂದೊಂದು ಹೂವಿನೊಳಗಿನ ಗಟ್ಟಿ ಕಡ್ಡಿಯನ್ನು ಕಿತ್ತು ತೆಗೆಯದಿದ್ದರೆ ಪಲ್ಯ ಎಷ್ಟು ಬೇಯಿಸಿದರೂ ಹಲ್ಲಿಗೆ ಸಿಕ್ಕುತ್ತದೆ. ಅವಸರದಲ್ಲಿ ಮುಗಿಸುವ ಕೆಲಸವಲ್ಲ ಅದು. ಆಗ ಫೋನು ಬಂತು. ಬೆರಳಿನ ಗೆಣ್ಣಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಕೆಳಗಿನ ಮನೆಯಾಕೆ. ಮೈಸೂರು ಕಡೆಯವರು, ಐಟಿ ಆಫೀಸಿನಲ್ಲಿ ಕೆಲಸ, ಮದ್ರಾಸಿನ ವೇಲಚೇರಿಯ ಈ ಫ್ಲ್ಯಾಟಿಗೆ ಬಂದು ಕೆಲವು ವರ್ಷಗಳಾಗಿವೆ.

"ಅಕ್ಕಾ, ನಮ್ಮ ಹುಡುಗಿಗೆ ಪರೀಕ್ಷೇಲಿ ಓದಿ ಬರೆದುಕೊಡ್ತೀನಿ ಅಂದಿದ್ದ ಮಗು ಬರಲ್ವಂತೆ. ಅದರ ಸ್ಕೂಲಲ್ಲೂ ಅವತ್ತೇ ಏನೋ ಇದೆಯಂತೆ. ಏನು ಮಾಡೋದೋ ಗೊತ್ತಾಗ್ತಿಲ್ಲ."

ಅವರ ಮಗಳಿಗೆ ಕಣ್ಣು ಕಾಣುವುದಿಲ್ಲ. ಚಿಕ್ಕಂದಿನಲ್ಲಿ ಸ್ವಲ್ಪ ಕಾಣುತ್ತಿತ್ತಂತೆ. ಈಗ ಬೆಳಕು ಯಾವ ಕಡೆ ಇದೆ ಎಂದಷ್ಟೇ ತಿಳಿಯುತ್ತದೆ. ಹನ್ನೆರಡನೇ ತರಗತಿ ಮುಗಿಸಿ, ವಕೀಲಿಕೆ ಓದಲು ಪ್ರವೇಶ ಪರೀಕ್ಷೆಗೆ ಕಟ್ಟಿದ್ದಳು. ಪ್ರಶ್ನೆಪತ್ರಿಕೆ ಓದಿ ಹೇಳಲು, ಅವಳು ಹೇಳಿದ ಉತ್ತರದ ವೃತ್ತ ತುಂಬಲು ಒಬ್ಬರು ಬೇಕು. ಹಾಗೆ ಕೂರುವವರು ಪರೀಕ್ಷೆ ಬರೆಯುವವರಿಗಿಂತ ಕಡಿಮೆ ಓದಿರಬೇಕು ಎಂಬುದು ನಿಯಮ.

"ಅಕ್ಕ, ನೀವು ಎಷ್ಟು ಓದಿದ್ದೀರಿ?"

ಮದ್ರಾಸಿಗೆ ಮದುವೆಯಾಗಿ ಬಂದಾಗಿನಿಂದ ಈ ಪ್ರಶ್ನೆಗೆ ನಾನು ನೆಟ್ಟಗೆ ಉತ್ತರ ಕೊಟ್ಟವಳಲ್ಲ. "ಮದುವೆ ಬೇಗ ಆಯ್ತು ನೋಡಿ" ಎಂದು ಮಾತು ತಿರುಗಿಸುತ್ತಿದ್ದೆ. ಅಂದು ಸೊನೆ ಮೆತ್ತಿದ ಕೈಯನ್ನು ನೋಡುತ್ತಾ ಹೇಳಿದೆ: "ಹತ್ತನೇ ಕ್ಲಾಸು ಪಾಸು. ಪಿಯುಸಿ ಅರ್ಧಕ್ಕೆ ಬಿಟ್ಟದ್ದು."

"ಅಯ್ಯೋ, ಒಳ್ಳೇದಾಯ್ತು! ದೇವರು ಬಂದ ಹಾಗೆ ಬಂದ್ರಿ."

ಓದು ಬಿಟ್ಟದ್ದಕ್ಕೆ ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ನಗು ಬಂತು, ಮುಖವೂ ಬಿಸಿಯಾಯಿತು. ಇಂಗ್ಲಿಷ್ ಓದುವುದು ನನಗೆ ಕಷ್ಟವಲ್ಲ. ಊರಿನಲ್ಲಿ ಕಾನ್ವೆಂಟ್ ಸಿಸ್ಟರ್‌ಗಳ ಶಾಲೆಯಲ್ಲಿ ಹತ್ತರವರೆಗೆ ಕಲಿತವಳು, ಉಚ್ಚಾರ ತಪ್ಪಿದರೆ ನಿಲ್ಲಿಸಿ ಮತ್ತೆ ಓದಿಸುತ್ತಿದ್ದರು. ಇಲ್ಲಿಯೂ ನಮ್ಮ ಹೆಂಗಸರ ಶನಿವಾರದ ಪಾರಾಯಣದಲ್ಲಿ ಓದುವುದು ನಾನೇ. "ನೀವು ಓದಿದ್ರೆ ಅರ್ಥ ಹೇಳೋದೇ ಬೇಡ" ಎನ್ನುತ್ತಾರೆ. ಆ ಮಾತಿನ ಸೊಕ್ಕು ಇತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ಮಧ್ಯಾಹ್ನದ ಊಟ ಮುಗಿದ ಮೇಲೆ ಹುಡುಗಿ ಮೇಲೆ ಬರುತ್ತಿದ್ದಳು. ಲಿಫ್ಟಿನ ಬಾಗಿಲ ಸದ್ದು, ಆಮೇಲೆ ಗೋಡೆಗೆ ಬೆರಳು ಸವರುತ್ತಾ ಬರುವ ಸದ್ದು. ಒಳಗೆ ಬಂದವಳೇ ಮೂಗು ಅರಳಿಸಿ "ಇವತ್ತು ಹುಳಿ, ತೊಂಡೆಕಾಯಿ. ಸರಿಯಾ ಆಂಟಿ?" ಎನ್ನುವಳು. ಕನ್ನಡ ಅರ್ಧ, ತಮಿಳು ಅರ್ಧ, ಬೈಯುವುದಿದ್ದರೆ ಇಂಗ್ಲಿಷ್. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ, ನನ್ನೊಂದಿಗೆ ಮಾತ್ರ ಹೇಗೋ ಕನ್ನಡ ಹೊಂದಿಸಿಕೊಳ್ಳುತ್ತಿದ್ದಳು.

ವಕೀಲಿಕೆಯೇ ಯಾಕೆ ಎಂದು ಒಮ್ಮೆ ಕೇಳಿದೆ. "ಬ್ಯಾಂಕಿಗೆ ಹೋದ್ರೆ ಕಾಗದ ಅಮ್ಮನ ಕೈಗೆ ಕೊಡ್ತಾರೆ ಆಂಟಿ, ಸಹಿ ಮಾತ್ರ ನನ್ನ ಹತ್ರ ಕೇಳ್ತಾರೆ. ಓದೋಕೆ ಬೇರೆಯವರ ಕಣ್ಣು ಬೇಕು, ಒಪ್ಕೊಳ್ತೀನಿ. ಓದಿದ್ದರ ಅರ್ಥ ಏನು ಅಂತ ಹೇಳೋದು ನಾನು." ಈ ಸಲ ಸೀಟು ಸಿಗದಿದ್ದರೆ ಮನೆಯಲ್ಲೇ ಕೂತು ಅಂಚೆ ಮೂಲಕ ಬಿ.ಎ. ಮಾಡುವುದೆಂದು ತಾಯಿ ತೀರ್ಮಾನಿಸಿಬಿಟ್ಟಿದ್ದರು. ಅದನ್ನು ಹೇಳುವಾಗ ಮಾತ್ರ ಹುಡುಗಿಯ ದನಿ ಸಣ್ಣದಾಯಿತು.

ಪರೀಕ್ಷೆ ಹೇಗಿರುತ್ತದೆಂದರೆ, ಒಂದು ಪುಟದಷ್ಟು ಬರಹ ಕೊಡುತ್ತಾರೆ. ಅದರ ಕೆಳಗೆ ಪ್ರಶ್ನೆಗಳು, ಪ್ರತಿ ಪ್ರಶ್ನೆಗೂ ಎ, ಬಿ, ಸಿ, ಡಿ ಎಂದು ನಾಲ್ಕು ಉತ್ತರ. ಒಂದು ಮಾತ್ರ ಸರಿ. ತಪ್ಪಾದರೆ ಇದ್ದ ಅಂಕದಲ್ಲೂ ಸ್ವಲ್ಪ ಕಳೆಯುತ್ತಾರೆ. ಓದಿದ್ದು ಅರ್ಥವಾದರೆ ಮುಗಿಯಿತಲ್ಲ ಎಂದುಕೊಂಡಿದ್ದೆ. ಮುಗಿಯುವುದಿಲ್ಲ. ನಾಲ್ಕೂ ಸರಿ ಎನಿಸುವ ಹಾಗೆ ಬರೆದಿರುತ್ತಾರೆ.

ಮೊದಲ ವಾರದ ಒಂದು ಪ್ರಶ್ನೆ ಇನ್ನೂ ನೆನಪಿದೆ. ಸಾಕಿದ ಪ್ರಾಣಿ ಅಪಾಯಕಾರಿ ಎಂದು ಮಾಲೀಕನಿಗೆ ಮೊದಲೇ ಗೊತ್ತಿದ್ದರೆ ಮಾತ್ರ ಅವನು ಹೊಣೆ, ಇದು ಮೇಲೆ ಕೊಟ್ಟ ನಿಯಮ. ಕೆಳಗೊಂದು ಘಟನೆ: ಸಾಧು ಹಸು, ಯಾವತ್ತೂ ಯಾರನ್ನೂ ಹಾಯ್ದದ್ದಲ್ಲ, ಒಂದು ದಿನ ಹೂವು ಮಾರುವವಳನ್ನು ಹಾಯ್ದು ಕೆಡವಿತು. ಮಾಲೀಕ ಪರಿಹಾರ ಕೊಡಬೇಕೆ?

"ಕೊಡ್ಬೇಕಪ್ಪ! ಪಾಪ, ಅವಳ ಗತಿ ಏನು?" ಎಂದೆ.

"ಆಂಟಿ, ಪಾಪ ಪ್ಯಾಸೇಜಲ್ಲಿ ಇಲ್ಲ."

"ಇಲ್ಲದಿದ್ರೆ ಏನಾಯ್ತು? ನ್ಯಾಯ ಅಂತ ಒಂದು ಇಲ್ವಾ?"

"ನ್ಯಾಯ ಆಮೇಲೆ. ಮೊದಲು ಓದೋಣ. ಅವನಿಗೆ ಗೊತ್ತಿತ್ತು ಅಂತ ಎಲ್ಲಾದ್ರೂ ಇದೆಯಾ? ಇಲ್ಲ. ಹಾಗಾದ್ರೆ ಕೊಡಬೇಕಿಲ್ಲ. ಹೂವಿನವಳಿಗೆ ಬೇಕಾದ್ರೆ ನೀವು ಕೊಡಿ."

ಅವಳ ಕ್ರಮವೊಂದಿತ್ತು. ಮೊದಲು ಪ್ರಶ್ನೆಗಳನ್ನು ಓದಿಸುವಳು, ಆಮೇಲೆ ಬರಹ. ಎಡಗೈಯ ನಾಲ್ಕು ಬೆರಳು ಮೇಜಿನ ಮೇಲೆ ಚಾಚಿ ಇಟ್ಟುಕೊಳ್ಳುವಳು. ಉತ್ತರಗಳನ್ನು ನಾನು ಓದುತ್ತಾ ಹೋದಂತೆ ಬೇಡದ್ದನ್ನು ಒಂದೊಂದಾಗಿ ಮಡಚುವಳು. "ಯಾವಾಗಲೂ", "ಎಲ್ಲರೂ" ಎಂದು ಬಂದರೆ ಬೆರಳು ಮಡಚಿತು. ಬರಹದಲ್ಲಿ ಇಷ್ಟೇ ಹೇಳಿರುವಾಗ ಉತ್ತರ ಅಷ್ಟು ಹೇಳಿದರೆ ಮಡಚಿತು. ಮಾತು ನಿಜವೇ, ಆದರೆ ಬರಹದಲ್ಲಿ ಇಲ್ಲ ಎಂದರೆ ಮಡಚಿತು. ಕೊನೆಗೆ ಎರಡು ಬೆರಳು ಉಳಿಯುತ್ತಿದ್ದವು. ಕಷ್ಟವೆಲ್ಲ ಆ ಎರಡರಲ್ಲಿ. "ಇನ್ನೊಂದ್ಸಲ ಓದಿ ಆಂಟಿ" ಎಂದು ಹೇಳಿ ಕಿವಿ ನನ್ನ ಕಡೆ ತಿರುಗಿಸುವಳು. ನಾನು ಓದುವೆ. ಒಂದು ಬೆರಳು ಮಡಚುವಳು. ಸರಿಯಾಗುತ್ತಿತ್ತು.

ತಪ್ಪನ್ನು ಸರಿ ಎಂದು ಹೇಳಿ ಮಗುವಿನ ದಾರಿ ತಪ್ಪಿಸಬಾರದಲ್ಲ ಎಂದು ನಾನೂ ಒಂದು ಕ್ರಮ ಮಾಡಿಕೊಂಡಿದ್ದೆ. ಅವಳು ಬರುವ ಮೊದಲೇ ಪುಸ್ತಕದ ಹಿಂದಿನ ಪುಟ ನೋಡಿ, ಸರಿ ಉತ್ತರದ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಚುಕ್ಕೆ ಇಟ್ಟುಕೊಳ್ಳುವುದು. ಅವಳು ಹೇಳಿದ ಕೂಡಲೇ ತಾಳೆ ನೋಡಲು ಸುಲಭ. ಅಚ್ಚುಕಟ್ಟಾದ ಕೆಲಸ ಎಂದೇ ಅಂದುಕೊಂಡಿದ್ದೆ.

ದಿನದಿಂದ ದಿನಕ್ಕೆ ಅಂಕ ಏರಿತು. ಆಗ ಕಾರ್ತಿಕ ಮಾಸ. ಮಳೆ ಹಿಡಿದು ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಪಾದ ಮುಳುಗುವಷ್ಟು ನೀರು. ಕರೆಂಟು ಹೋಗದೆ ಇದ್ದದ್ದು, ಅಂಗಡಿಯವನು ಹಾಲು ಮೇಲೆ ತಂದು ಕೊಟ್ಟದ್ದು, ಹುಡುಗಿಯ ಅಂಕ, ಇವನ್ನೆಲ್ಲ ಸಂಜೆ ದೀಪ ಹಚ್ಚುವಾಗ ದೇವರ ಮುಂದೆ ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದೆ. ಅಡ್ಯಾರಿನ ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿರುವ ನಮ್ಮ ಮನೆಯವರು ಮಧ್ಯಾಹ್ನ ತಡವಾಗಿ ಊಟಕ್ಕೆ ಬಂದಾಗ ಮೇಜಿನ ತುಂಬ ಕಾಗದ ಹರಡಿರುತ್ತಿತ್ತು.

"ಎಂತ ಮಾರಾಯ್ತಿ, ಪರೀಕ್ಷೆ ನಿಂಗಾ ಅವ್ಳಿಗಾ?" ಎಂದು ಕುಶಾಲು ಮಾಡುವರು.

"ಇಬ್ಬರಿಗೂ" ಎನ್ನುತ್ತಿದ್ದೆ ನಾನು, ದೊಡ್ಡ ಮನುಷ್ಯಳಂತೆ. ಪಾರಾಯಣದ ಹೆಂಗಸರ ಮುಂದೆಯೂ ಹೇಳಿಕೊಂಡೆ: ನಾನು ಓದಲು ಶುರು ಮಾಡಿದ ಮೇಲೆ ಹುಡುಗಿಯ ಅಂಕ ಎಲ್ಲಿಗೋ ಏರಿಬಿಟ್ಟಿದೆ.

ಆಮೇಲೆ ಒಂದು ಭಾನುವಾರ ತಾಯಿ ಅವಳನ್ನು ಕೋಚಿಂಗ್ ಸೆಂಟರಿನವರು ನಡೆಸುವ ಮಾದರಿ ಪರೀಕ್ಷೆಗೆ ಕರೆದುಕೊಂಡು ಹೋದರು. ಅಲ್ಲಿ ಓದಲು ಅವರದೇ ಒಂದು ಹುಡುಗಿ ಇದ್ದಳಂತೆ. ಸಂಜೆ ಬಾಗಿಲು ತಟ್ಟಿದ ಸದ್ದಿನಲ್ಲೇ ಸಿಟ್ಟಿತ್ತು. ತಾಯಿ ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತರು, ಹಿಂದೆ ಮಗಳು.

"ನಿಮ್ಮ ಹತ್ರ ಕೂತ್ರೆ ರ‍್ಯಾಂಕು. ಹೊರಗಡೆ ಹೋದ್ರೆ ಅರ್ಧಕ್ಕರ್ಧ ತಪ್ಪು. ಇದು ಹೇಗೆ ಅಕ್ಕ? ನೀವೇನಾದ್ರೂ ಹೇಳಿಕೊಡ್ತಿದ್ದೀರಾ?"

"ದೇವರಾಣೆಗೂ ಇಲ್ಲ! ಒಂದಕ್ಷರ ಹೇಳಿದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ" ಎಂದೆ. ಕಣ್ಣಲ್ಲಿ ನೀರು ಬಂತು. ನಾಲ್ಕು ಜನರ ಮುಂದೆ ಕಳ್ಳಿ ಎನಿಸಿಕೊಂಡ ಹಾಗಾಯಿತು. ನನ್ನ ಮಧ್ಯಾಹ್ನಗಳನ್ನೆಲ್ಲ ಕೊಟ್ಟದ್ದು ಇದಕ್ಕೇನಾ ಎಂದುಕೊಂಡೆ.

ಹುಡುಗಿ ಒಳಗೆ ಬಂದು ಅವಳ ಎಂದಿನ ಜಾಗದಲ್ಲಿ ಕೂತಳು. "ಅಮ್ಮಾ, ಸುಮ್ನಿರು. ಆಂಟಿ, ನಾಳೆಗೆ ಇಟ್ಟಿರೋದು ತೆಗೀರಿ. ಪ್ಯಾಸೇಜ್ ಓದ್ಬೇಡಿ. ಪ್ರಶ್ನೇನೂ ಬೇಡ. ಬರೀ ನಾಲ್ಕು ಆಪ್ಷನ್ ಓದಿ."

"ಪ್ಯಾಸೇಜ್ ಇಲ್ಲದೆ ಎಂತ ಗೊತ್ತಾಗ್ತದೆ?"

"ಓದಿ ನೋಡೋಣ."

ಓದಿದೆ. ಅವಳು ಬೆರಳು ಚಾಚಲೂ ಇಲ್ಲ. "ಸಿ" ಎಂದಳು. ನನ್ನ ಪೆನ್ಸಿಲ್ ಚುಕ್ಕೆ ಸಿ ಪಕ್ಕದಲ್ಲೇ ಇತ್ತು. ಮುಂದಿನದು ಓದಿದೆ. "ಎ." ಸರಿ. ಅದರ ಮುಂದಿನದು, ಅದರ ಮುಂದಿನದು. ಏನು ಪ್ರಶ್ನೆ, ಯಾವ ಬರಹ ಎಂದು ತಿಳಿಯದೆ ಒಂದರ ಹಿಂದೆ ಒಂದು ಸರಿಯಾದ ಉತ್ತರ ಹೇಳುತ್ತಾ ಹೋದಳು. ತಾಯಿ ಪುಸ್ತಕ ಇಣುಕಿ ನೋಡಿ ಬಾಯಿಗೆ ಕೈ ಇಟ್ಟುಕೊಂಡರು. ಹುಡುಗಿ ಮೊದಮೊದಲು ನಗುತ್ತಿದ್ದಳು. ಆಮೇಲೆ ನಗು ನಿಂತಿತು.

"ನೀವು ಹಾಡ್ತೀರಿ ಆಂಟಿ. ತಪ್ಪು ಆನ್ಸರ್ ಬಂದ್ರೆ ಬೇಗ ಬೇಗ, ಮೆತ್ತಗೆ. ಸರಿಯಾದದ್ದು ಬಂದ್ರೆ ಕೂತಲ್ಲೇ ನೆಟ್ಟಗಾಗ್ತೀರಿ. ಕುರ್ಚಿ ಸದ್ದೂ ಕೇಳತ್ತೆ."

ನನಗೆ ತಂದೆಯವರು ಕಣ್ಣ ಮುಂದೆ ಬಂದರು. ಅವರು ಊರ ದೇವಸ್ಥಾನದ ಚಾವಡಿಯಲ್ಲಿ ಶಾಸ್ತ್ರಗ್ರಂಥ ಓದುತ್ತಿದ್ದರು. ಅಂಥ ಗ್ರಂಥದಲ್ಲಿ ಮೊದಲು ಎದುರಿನವರ ವಾದ ಬರುತ್ತದೆ, ಅದು ಪೂರ್ವಪಕ್ಷ. ಅದನ್ನು ಖಂಡಿಸಿದ ಮೇಲೆ ನಮ್ಮದು, ಸಿದ್ಧಾಂತ. ಪೂರ್ವಪಕ್ಷವನ್ನು ದನಿ ತಗ್ಗಿಸಿ, ದಾಟಿಕೊಂಡು ಹೋಗುವಂತೆ ಓದುವುದು. ಸಿದ್ಧಾಂತಕ್ಕೆ ಬಂದಾಗ ಬೆನ್ನು ನೆಟ್ಟಗಾಗಿಸಿ, ದನಿ ಏರಿಸಿ, ಒಂದೊಂದು ಪದವನ್ನೂ ಕೂರಿಸಿ ಓದುವುದು. ಅರ್ಥವಾಗದ ಮುದುಕಿಯರಿಗೂ ಎಲ್ಲಿ ತಲೆದೂಗಬೇಕೆಂದು ಗೊತ್ತಾಗುತ್ತಿತ್ತು. ಓದುವುದನ್ನು ನಾನು ಕಲಿತದ್ದು ಅವರ ಪಕ್ಕದಲ್ಲಿ ಕೂತು. ಪೆನ್ಸಿಲ್ ಚುಕ್ಕೆ ಕಂಡ ಉತ್ತರವೆಲ್ಲ ನನಗೆ ಸಿದ್ಧಾಂತ. ಉಳಿದ ಮೂರು ಪೂರ್ವಪಕ್ಷ. ಬಾಯಿಬಿಟ್ಟು ಹೇಳಲಿಲ್ಲ ಎಂದು ದೇವರ ಆಣೆ ಹಾಕಿದ್ದೆ. ಪ್ರತಿದಿನವೂ ಹೇಳಿಕೊಟ್ಟಿದ್ದೆ.

"ಹಾಗಾದ್ರೆ ಆ ಮಾರ್ಕ್ಸ್ ಎಲ್ಲ ನಿಮ್ಮದು" ಎಂದಳು ಹುಡುಗಿ. "ನನ್ನದು ಇವತ್ತು ಬಂದಿದ್ದು." ಎದ್ದು ಗೋಡೆ ಸವರಿಕೊಂಡು ಹೊರಟಳು. ತಾಯಿಯೂ ಅವಳ ಹಿಂದೆಯೇ ಇಳಿದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅಂದು ದೀಪ ಹಚ್ಚಿ ಕೂತರೆ ನೆನೆಸಿಕೊಳ್ಳಲು ಒಂದು ಉಪಕಾರವೂ ಸಿಗಲಿಲ್ಲ. ತನ್ನ ಬುದ್ಧಿಯಿಂದ ಬಂತು ಎಂದು ಆ ಮಗು ನಂಬಿದ್ದ ಅಂಕಗಳನ್ನು ನಾನು ಕೊಟ್ಟೂ ಇದ್ದೆ, ಕಿತ್ತುಕೊಂಡೂ ಇದ್ದೆ. ಪರೀಕ್ಷೆಯ ಕೋಣೆಯಲ್ಲಿ ಹೀಗೆ ಓದಿದ್ದರೆ? ಅಲ್ಲಿ ನನ್ನ ಬಳಿ ಚುಕ್ಕೆ ಇಟ್ಟ ಕಾಗದ ಇರುವುದಿಲ್ಲ. ನನಗೆ ಸರಿ ಎನಿಸಿದ್ದೇ ಸಿದ್ಧಾಂತವಾಗುತ್ತಿತ್ತು. ಹೂವಿನವಳಿಗೆ ಪರಿಹಾರ ಕೊಡಿಸಿದವಳ ಸಿದ್ಧಾಂತ! ಅದನ್ನು ನಂಬಿ ಅವಳು ಬೆರಳು ಮಡಚುತ್ತಿದ್ದಳು.

ಇನ್ನು ನನ್ನಿಂದಾಗದು ಎಂದು ಹೇಳಲು ಮರುದಿನ ತಾಯಿ ಆಫೀಸಿಗೆ ಹೊರಡುವ ಮೊದಲೇ ಕೆಳಗೆ ಹೋದೆ. ಬಾಗಿಲು ತೆಗೆದದ್ದು ಹುಡುಗಿಯೇ.

"ಬೇರೆ ಯಾರನ್ನಾದ್ರೂ ಹುಡುಕಿ ಮಗಾ. ನನ್ನ ನಾಲಿಗೆ ಸರಿಯಿಲ್ಲ" ಎಂದೆ.

"ಹುಡುಕಿ ನೋಡಾಯ್ತು. ಯಾರೂ ಇಲ್ಲ" ಎಂದಳು. "ಹಾಗೆ ಬಿಟ್ಟುಹೋದ್ರೆ ನಿಮಗೆ ಸುಲಭ ಅಲ್ವಾ?"

ನಾಚಿಕೆಯಿಂದ ಓಡಿಹೋಗುವುದನ್ನು ನಾನು ವಿನಯ ಎಂದುಕೊಂಡು ಬಂದಿದ್ದೆ. ಅಲ್ಲೇ ನಿಂತು ತೀರ್ಮಾನ ಮಾಡಿದೆ. ಮೇಲೆ ಹೋಗಿ ಪುಸ್ತಕ ತಂದು, ಉತ್ತರದ ಪುಟಗಳನ್ನೆಲ್ಲ ಹರಿದು ಅವಳ ತಾಯಿಯ ಕೈಗೆ ಕೊಟ್ಟೆ. ಚುಕ್ಕೆಗಳನ್ನು ರಬ್ಬರಿನಲ್ಲಿ ಅಳಿಸಿದೆ. ಇನ್ನು ಮುಂದೆ ಬರಹವನ್ನು ನಾನೂ ಅವಳೆದುರೇ ಮೊದಲ ಬಾರಿ ಓದುವುದು, ತಾಳೆ ನೋಡುವುದು ಸಂಜೆ ತಾಯಿ ಬಂದ ಮೇಲೆ.

ಚಪ್ಪಟೆಯಾಗಿ ಓದಲು ಕಲಿಯುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ವಾಷಿಂಗ್ ಮೆಷಿನ್ನಿನ ಜೊತೆ ಬಂದ ಪುಸ್ತಕ ಓದಿದೆ, ನೀರಿನ ಬಿಲ್ಲು ಓದಿದೆ. ಅದೆಲ್ಲ ಸುಲಭ, ಅದರಲ್ಲಿ ನನಗೇನೂ ಆಗಬೇಕಾದ್ದಿಲ್ಲ. ಹುಡುಗಿಗೆ ಅದು ತಿಳಿಯಿತು. ತಾನೇ ಉತ್ತರಗಳನ್ನು ಕಟ್ಟಿ ನನ್ನಿಂದ ಬರೆಸಿ ಓದಿಸಲು ಶುರು ಮಾಡಿದಳು.

"ಎ. ಆಂಟಿಯ ಸಾರು ಚೆನ್ನಾಗಿದೆ. ಬಿ. ಆಂಟಿಯ ಸಾರಿಗೆ ಉಪ್ಪು ಜಾಸ್ತಿ. ಸಿ. ಪಾರಾಯಣದಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ, ಪ್ರಸಾದಕ್ಕೆ ಬರುತ್ತಾರೆ. ಡಿ. ದೇವರು ಇಲ್ಲ."

ಡಿ ಓದುವಾಗ ನನ್ನ ನಾಲಿಗೆ ಏಳಲಿಲ್ಲ. "ಇದು ಬೇಡ ಮಗಾ."

"ಪೇಪರಲ್ಲಿ ಬಂದ್ರೆ? ಬೇಡ ಅಂತ ಬಿಟ್ಟುಬಿಡ್ತೀರಾ?"

ಮನಸ್ಸಿನಲ್ಲೇ ಕ್ಷಮಿಸಪ್ಪಾ ಎಂದು ಓದಿದೆ. ಅವಳು ಬಿದ್ದು ಬಿದ್ದು ನಕ್ಕಳು. "ದೇವರು ಅಂತ ಇಷ್ಟು ಜೋರಾಗಿ, ಇಲ್ಲ ಅಂತ ಇಷ್ಟು ಮೆತ್ತಗೆ! ಮತ್ತೆ ಓದಿ." ಮತ್ತೆ ಓದಿದೆ. ಒಲೆಯ ಮೇಲಿನ ಬೇಳೆ ಸೀದು ವಾಸನೆ ಬರುವವರೆಗೆ ಓದಿದೆ.

ಪ್ರತಿ ಉತ್ತರಕ್ಕೆ ಮುಂಚೆ ಒಂದು ಉಸಿರು ತೆಗೆದುಕೊಳ್ಳುವುದು, ಬೆನ್ನು ಕುರ್ಚಿಗೆ ಆನಿಸಿಯೇ ಇರುವುದು, ಕೊನೆಯ ಪದದಲ್ಲಿ ದನಿ ಏರಿಸುವುದೂ ಇಲ್ಲ ಇಳಿಸುವುದೂ ಇಲ್ಲ. ಅವಳ ಅಂಕ ನೆಲಕ್ಕೆ ಬಿತ್ತು. ಕೆಲವು ದಿನ ಅಲ್ಲೇ ಬಿದ್ದಿತ್ತು. ಸಂಜೆ ತಾಯಿ ತಾಳೆ ನೋಡಿ ಸುಮ್ಮನೆ ಕಾಗದ ಮಡಚುವರು, ನನ್ನ ಮುಖ ನೋಡುತ್ತಿರಲಿಲ್ಲ. ಆಮೇಲೆ ನಿಧಾನವಾಗಿ ಏರತೊಡಗಿತು. ಮೊದಲಿನಷ್ಟು ಅಲ್ಲ. ಆದರೆ ಉಳಿದ ಎರಡು ಬೆರಳುಗಳ ನಡುವೆ ಈಗ ಅವಳು ನನ್ನ ಕಡೆ ಕಿವಿ ತಿರುಗಿಸುತ್ತಿರಲಿಲ್ಲ. "'ಆದರೆ' ಅಂತ ಬಂತಲ್ಲ ಆಂಟಿ, ಅಲ್ಲಿಂದ ಓದಿ" ಎನ್ನುವಳು. ಬರೆದವರು ಮೊದಲು ಬೇರೆಯವರ ಮಾತು ಹೇಳಿ ಆಮೇಲೆ ತಮ್ಮ ಮಾತಿಗೆ ತಿರುಗುವ ಜಾಗ ಅದು. ಪೂರ್ವಪಕ್ಷ, ಸಿದ್ಧಾಂತ. ತಂದೆಯವರ ದನಿಯಿಲ್ಲದೆ ಅದನ್ನು ಅವಳು ತಾನೇ ಕಂಡುಕೊಳ್ಳುತ್ತಿದ್ದಳು.

ಪರೀಕ್ಷೆಯ ದಿನ ನೀರು ಇಳಿದಿತ್ತು, ಆಟೋ ಸಿಕ್ಕಿತು. ಎರಡೂ ಉಪಕಾರವೇ. ನಮಗೆ ಬೇರೆಯೇ ಒಂದು ಸಣ್ಣ ಕೋಣೆ. ಮೇಲ್ವಿಚಾರಣೆಗೆ ಬಂದ ಹೆಂಗಸು ನನ್ನ ಹತ್ತನೇ ತರಗತಿಯ ಅಂಕಪಟ್ಟಿ ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕು ಮೇಲ ಪಡಿಕ್ಕಲಿಯಾ?" ಎಂದು ಕೇಳಿದರು. ಇದಕ್ಕಿಂತ ಹೆಚ್ಚು ಓದಿಲ್ಲವೇ ಎಂದು. "ಇಲ್ಲೆ ಮೇಡಂ" ಎಂದೆ, ತಲೆ ತಗ್ಗಿಸದೆ. ಆಡುವ ಮಾತೆಲ್ಲ ದಾಖಲಾಗಲು ಮೇಜಿನ ಮೇಲೊಂದು ಯಂತ್ರ ಇಟ್ಟರು. ಓದಬೇಕು, ಹೇಳಿದ್ದನ್ನು ತುಂಬಬೇಕು, ಬೇರೆ ಮಾತು ಕೂಡದು.

ಓದಲು ಶುರು ಮಾಡಿದೆ. ಒಂದು ಬರಹ, ಇನ್ನೊಂದು ಬರಹ, ಬೆರಳು ಮಡಚುತ್ತಾ, ವೃತ್ತ ತುಂಬುತ್ತಾ ಹೋದೆವು. ನಡುವೆ ಎಲ್ಲೋ ಆ ಬರಹ ಬಂತು.

ಹಸಿದು ಬಂದವರಿಗೆ ಅನ್ನ ಇಡುವ ಊರುಗಳ ಬಗ್ಗೆ ಯಾರೋ ಬರೆದದ್ದು. ಸಾಲು ಹಾಕಿ ಕೂರಿಸುವುದು, ಜಾತಿ ಕುಲ ಕೇಳದೆ ಬಡಿಸುವುದು, ಬಡಿಸಿದವರು ಆಮೇಲೆ ಉಣ್ಣುವುದು, ಎಲ್ಲ ಬಹಳ ಚೆನ್ನಾಗಿ ಬರೆದಿದ್ದರು. ನನ್ನ ಕಣ್ಣು ಮಂಜಾಯಿತು. ನಮ್ಮ ಕಡೆ ದೇವಸ್ಥಾನದ ಊಟಕ್ಕೆ ಕೂತು ಬೆಳೆದವಳು ನಾನು, ಗಂಡನ ಮನೆಯದೂ ಅನ್ನ ಬಡಿಸುವ ಕಸುಬೇ. ಮುಂದೆ "ಆದರೆ" ಎಂದು ಬಂತು. ಓದಿದೆ, ಅದೇ ಚಪ್ಪಟೆ ದನಿಯಲ್ಲಿ, ಕೊನೆಯವರೆಗೂ ಓದಿದೆ. ಮನಸ್ಸು ಮಾತ್ರ ಪಂಕ್ತಿಯಲ್ಲೇ ಕೂತುಬಿಟ್ಟಿತ್ತು, ಎದ್ದು ಬರಲಿಲ್ಲ.

ಬರೆದವರು ಈ ಕೆಳಗಿನ ಯಾವ ಮಾತನ್ನು ಒಪ್ಪುತ್ತಾರೆ? ಇದು ಪ್ರಶ್ನೆ. ಎ ಮಡಚಿತು, ಸಿ ಮಡಚಿತು. "ಬಿ, ಡಿ ಇನ್ನೊಮ್ಮೆ."

ಬಿ: ದಾನ ಚೆನ್ನಾಗಿ ನಡೆಯುವ ಕಡೆ, ಅನ್ನ ಎಂಬುದು ಹಸಿದವನ ಹಕ್ಕು ಎಂದು ಜನ ಒಪ್ಪುವುದು ತಡವಾಗಬಹುದು. ಡಿ: ಹಸಿದವನಿಗೆ ಅನ್ನ ಕೊಡುವುದು ಎಲ್ಲ ಕರ್ತವ್ಯಗಳಿಗಿಂತ ದೊಡ್ಡದು.

ಇದರಲ್ಲಿ ಯೋಚಿಸಲು ಏನಿದೆ ಎಂದುಕೊಂಡೆ. ಡಿ. ಅನ್ನದಾನಕ್ಕೆ ಸಮ ಯಾವುದಿದೆ? ಬೆನ್ನು ಕುರ್ಚಿಗೆ ಒತ್ತಿ ಹಿಡಿದು ಎರಡನ್ನೂ ಒಂದೇ ಉಸಿರಿನ ಅಳತೆಯಲ್ಲಿ ಓದಿದೆ. ಅವಳು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಬಿ."

ನನ್ನ ಪೆನ್ನು ಕಾಗದದ ಮೇಲೇ ನಿಂತಿತು. ಒಂದು ಸಲ ಗಂಟಲು ಸರಿಮಾಡಿಕೊಂಡರೆ ಸಾಕಿತ್ತು. ಯಂತ್ರಕ್ಕೆ ಅದು ಕೆಮ್ಮು, ಮೇಲ್ವಿಚಾರಕಿಗೆ ಅದು ಕೆಮ್ಮು, ಅವಳಿಗೆ ಮಾತ್ರ ಅದು ಉತ್ತರ. ಮಗುವಿನ ಸೀಟು, ತಾಯಿಯ ಮುಖ, ಎಲ್ಲ ಒಟ್ಟಿಗೆ ಬಂದು ನಿಂತವು. ಕೆಮ್ಮುವುದು ಧರ್ಮವೋ, ಕೆಮ್ಮದಿರುವುದು ಧರ್ಮವೋ ಎಂದು ಕೇಳಿದರೆ ಆ ಹೊತ್ತು ನನಗೆ ಹೇಳಲು ಬರುತ್ತಿರಲಿಲ್ಲ. ಬಿಟ್ಟುಹೋದರೆ ನಿಮಗೆ ಸುಲಭ ಅಂದಿದ್ದಳಲ್ಲ, ಅದೊಂದು ನೆನಪಾಯಿತು. ಕೆಮ್ಮುವುದು ಅದಕ್ಕಿಂತಲೂ ಸುಲಭವಿತ್ತು. ಬಿ ವೃತ್ತವನ್ನು ಅಂಚು ಮೀರದಂತೆ ತುಂಬಿ, "ಬಿ ತುಂಬಿದೆ" ಎಂದೆ.

ಹೊರಗೆ ಬಂದಾಗ ತಾಯಿ ಮೊದಲು ನನ್ನ ಮುಖ ನೋಡಿದರು. ದನಿಗೆ ಆದ ಅಭ್ಯಾಸವನ್ನು ಮುಖಕ್ಕೆ ಯಾರೂ ಮಾಡಿಸಿರಲಿಲ್ಲ. "ಕಷ್ಟ ಇತ್ತಾ ಅಕ್ಕ?" ಎಂದರು. "ಅವಳು ಚೆನ್ನಾಗಿ ಮಾಡಿದ್ದಾಳೆ" ಎಂದೆ. ನಂಬಲಿಲ್ಲ. ಮನೆಗೆ ಬಂದು ನಮ್ಮವರಿಗೆ ಅನ್ನ ಬಡಿಸುವಾಗ ತಡೆಯಲಾಗದೆ ಹೇಳಿಬಿಟ್ಟೆ: ಗೊತ್ತಿದ್ದೂ ಗೊತ್ತಿದ್ದೂ ಮಗುವಿನ ಉತ್ತರ ತಪ್ಪು ತುಂಬಿ ಬಂದೆ.

"ಅವ್ಳ್ ಹೇಳಿದ್ದನ್ನೇ ತುಂಬಿದ್ದಲ್ದಾ? ಮತ್ತೆಂತಕ್ಕೆ ಹೀಂಗೆ ಹೊಟ್ಟೆ ಉರ್ಸ್ಕಂಬ್ದ್? ಮಜ್ಜಿಗೆ ಹಾಕ್" ಎಂದರು.

ಸರಿ ಉತ್ತರಗಳು ಪ್ರಕಟವಾದ ದಿನ ಮಧ್ಯಾಹ್ನ ತಾಯಿ ಮಗಳು ಇಬ್ಬರೂ ಬಂದರು. ಫೋನೇ ಓದಿ ಹೇಳುತ್ತದೆ, ಆದರೂ "ಆಂಟಿ ಓದಲಿ" ಎಂದಳಂತೆ. ನಾನು ಒಂದೊಂದಾಗಿ ಓದಿದೆ, ಅವಳ ಉತ್ತರಪತ್ರಿಕೆಯ ಪ್ರತಿಯ ಮೇಲೆ ತಾಯಿ ಗುರುತು ಹಾಕಿದರು. ಆ ಬರಹದ ಜಾಗ ಹತ್ತಿರ ಬಂದಂತೆ ಓದು ನಿಧಾನವಾಯಿತು. ಅಲ್ಲಿ ಇದ್ದದ್ದು ಬಿ. ಎರಡು ಸಲ ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಬಿ ಎಂದೇ ಇತ್ತು.

ಮುಂದೆ ಓದಲಾಗಲಿಲ್ಲ. "ನಾನು ಡಿ ಅಂದ್ಕೊಂಡಿದ್ದೆ ಮಗಾ" ಎಂದೆ.

"ಗೊತ್ತು ಆಂಟಿ."

"ಹೇಗೆ? ನಾನು ಚಪ್ಪಟೆಯಾಗಿಯೇ ಓದಿದ್ದೆ!"

"ಓದಿದ್ದು ಸರಿಯಾಗೇ ಇತ್ತು. ಬಿ ಅಂದ ಮೇಲೆ ಪೆನ್ನು ಸದ್ದೇ ಮಾಡ್ಲಿಲ್ಲ. ಎಷ್ಟು ಹೊತ್ತು! ಡಿ ಇರಬೇಕು ಅಂತ ನಿಮಗನ್ನಿಸ್ತಿದೆ ಅಂತ ಆಗಲೇ ಗೊತ್ತಾಯ್ತು."

ಅವಳ ತಾಯಿ ಗುರುತು ಹಾಕುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಭೂಮಿ ಬಿರಿದರೆ ಇಳಿದುಹೋಗುವ ಹಾಗಿತ್ತು. ಬಾಯಿ ಕಟ್ಟಿಕೊಂಡು ದೊಡ್ಡ ಧರ್ಮ ಪಾಲಿಸಿದೆ ಎಂಬುದೊಂದು ನನ್ನಲ್ಲಿ ಉಳಿದಿತ್ತು. ಅದೂ ಹೋಯಿತು.

"ಗೊತ್ತಾದ ಮೇಲೂ ಯಾಕೆ ಬದಲಾಯಿಸ್ಲಿಲ್ಲ?"

"ನಿಮ್ಮ ಡಿ ನಿಜ ಆಂಟಿ. ಅವರು ಅದನ್ನ ಹೇಳಿರಲಿಲ್ಲ, ಅಷ್ಟೆ" ಎಂದಳು. "ಮುಂದಿಂದು ಓದಿ."

ಓದಿ ಮುಗಿಸಿದೆ. ಕೂಡಿ ನೋಡಿದಾಗ ಅವಳು ಆಸೆಪಟ್ಟ ಕಾಲೇಜಿಗೆ ಸಾಲದು. ಎರಡನೆಯದಾಗಿ ಬರೆದಿದ್ದ ಕಾಲೇಜಿಗೆ ಸಿಕ್ಕೇ ಸಿಗುತ್ತದೆ ಎಂದರು ತಾಯಿ, ಸಿಕ್ಕಿತು ಕೂಡ. ಅಂಚೆಯ ಬಿ.ಎ. ಮಾತು ಮತ್ತೆ ಏಳಲಿಲ್ಲ. ಅವಳು ತಪ್ಪು ಮಾಡಿದ್ದ ಉತ್ತರಗಳು ಅವಳವೇ, ಸರಿ ಮಾಡಿದ್ದವೂ ಅವಳವೇ.

ಅವರು ಇಳಿದು ಹೋದ ಮೇಲೆ ದೇವರ ಮುಂದೆ ಒಂದು ಗಳಿಗೆ ನಿಂತೆ. ಏನೆಂದು ಕೃತಜ್ಞತೆ ಹೇಳಲಿ? ಆ ಕೋಣೆಯಲ್ಲಿ ಅವಳು ನನ್ನನ್ನು ನಂಬಲಿಲ್ಲ. ಆ ವರ್ಷ ನನಗಾದ ಉಪಕಾರಗಳಲ್ಲಿ ದೊಡ್ಡದು ಅದೇ, ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದೂ ಅದೇ. ಕೈ ಮುಗಿದೆ. ಅಡುಗೆಮನೆಯಲ್ಲಿ ಉದ್ದು ನೆನೆದು ಪಾತ್ರೆಯ ಅಂಚಿಗೆ ಉಬ್ಬಿ ಬಂದಿತ್ತು. ಅದನ್ನು ಬಸಿದು ಗ್ರೈಂಡರಿಗೆ ಹಾಕಿ, ಕಲ್ಲು ತಿರುಗತೊಡಗಿದ ಮೇಲೆ ನೀರು ಸ್ವಲ್ಪ ಸ್ವಲ್ಪವಾಗಿ ಹನಿಸುತ್ತಾ ನಿಂತೆ.